ಹನ್ನೆರಡೂ ಇಪ್ಪತ್ತಕ್ಕೆ ಹಾಕಿದ ಬಾಗಿಲು

ಮಧ್ಯಾಹ್ನ ಹನ್ನೆರಡು ಗಂಟೆ ಇಪ್ಪತ್ತು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ ನನ್ನ ಫೋನಿನಲ್ಲಿರುವ ಒಂದು ಫೋಟೊ. ಕಲ್ಲಿನ ಕಮಾನು, ಅದರ ಕೆಳಗೆ ಹಳೆಯದಾಗಿ ಕಪ್ಪಿಟ್ಟ ಮರದ ಬಾಗಿಲು, ಒಂದು ಕದವನ್ನು ಎರಡೂ ಕೈಯಲ್ಲಿ ಎಳೆಯುತ್ತಿರುವ ಮುದುಕ. ಬಾಗಿಲು ಹಾಕುವ ಮೊದಲು ಆತ ಕೀಲಿಗೊಂಚಲನ್ನು ಎತ್ತಿ ಹಿಡಿದು, ಎಲ್ಲರೂ ಹೊರಗೆ ಬಂದಿರಾ ಎಂದು ಹುಬ್ಬಿನಲ್ಲೇ ಕೇಳಿದ್ದ. ನಾನು ಹೌದೆಂದು ತಲೆಯಾಡಿಸಿದ್ದೆ. ಆಮೇಲೆ, ಬಾಗಿಲು ಚೆನ್ನಾಗಿದೆಯಲ್ಲ ಎಂದು ಈ ಫೋಟೊ ತೆಗೆದೆ. ಆಗ ನನ್ನ ಅತ್ತೆ ಆ ಬಾಗಿಲಿನ ಒಳಗಿದ್ದರು.

ಇದನ್ನು ಬರೆಯಬೇಕೆಂದು ಅನ್ನಿಸಿದ್ದು ಕಳೆದ ವಾರ. ಕೆನಡಾದ ಬೋಲ್ಟನ್ನಿನಲ್ಲಿ ನನ್ನ ಸಹೋದ್ಯೋಗಿ ರೆನ್ಸೊನ ಮೊಮ್ಮಗುವಿಗೆ ನಾಮಕರಣವಿತ್ತು. ಚರ್ಚು ಹೊಸದು, ಇಟ್ಟಿಗೆಯದು, ಅದಕ್ಕಿಂತ ಅದರ ಪಾರ್ಕಿಂಗ್ ಜಾಗವೇ ದೊಡ್ಡದು. ಎಲ್ಲ ಮುಗಿದ ಮೇಲೆ ಒಬ್ಬರು ಬಂದು ಮೇಣದ ಬತ್ತಿಗಳನ್ನು ಒಂದೊಂದಾಗಿ ಆರಿಸತೊಡಗಿದರು. ಆರಿದ ಬತ್ತಿಯ ಆ ಕಮಟು ಹೊಗೆ ಮೂಗಿಗೆ ಬಂದದ್ದೇ ನಾನು ಎದ್ದುಬಿಟ್ಟೆ. ಸಾಲು ಸಾಲು ಬೆಂಚುಗಳ ನಡುವೆ ಬಗ್ಗಿ ನೋಡುತ್ತಾ ಹೊರಟೆ. ಹೆಂಡತಿ ವಿದ್ಯಾ ಹಿಂದಿನಿಂದ ಬಂದು ನನ್ನ ಕೋಟು ಹಿಡಿದು ನಿಲ್ಲಿಸಿದಳು. "ಎಂತ ಹುಡುಕ್ತಾ ಇದ್ದೀರಿ? ಉಸಿರು ಬಿಡಿ ಮಾರಾಯ್ರೆ, ಅದೆಲ್ಲ ಆಗಿ ಹೋಗಿದೆ."

ಆಗಿ ಹೋಗಿದೆ, ನಿಜ. ಆದರೂ ಆ ಶರತ್ಕಾಲ ನನ್ನೊಳಗೆ ಪೂರ್ತಿ ಮುಗಿದಿಲ್ಲ.

ನಾನು ಬೋಲ್ಟನ್ನಿನ ಒಂದು ದೊಡ್ಡ ಗೋದಾಮಿನಲ್ಲಿ ಪೆಟ್ಟಿಗೆಗಳನ್ನು ಸಾಗಿಸುವ ಬೆಲ್ಟುಗಳ ಉಸ್ತುವಾರಿ ನೋಡುವ ಎಂಜಿನಿಯರ್. ಅಲ್ಲಿ ರಿಪೇರಿ ತಂಡದ ಹಿರಿಯ ರೆನ್ಸೊ. ಅವನ ತಂದೆತಾಯಿ ಇಟಲಿಯ ಒಂದು ಗುಡ್ಡದ ಊರಿನಿಂದ ಬಂದವರು. ಸೆಪ್ಟೆಂಬರ್ ಕೊನೆಗೆ ನಾವು ರೋಮಿಗೆ ಹೋಗುತ್ತೇವೆಂದು ತಿಳಿದಾಗಿನಿಂದ ಊಟದ ಹೊತ್ತಿನಲ್ಲಿ ಅವನದು ಒಂದೇ ರಾಗ. ರೋಮನ್ನು ಎಲ್ಲರೂ ನೋಡುತ್ತಾರೆ, ನೀನು ಬಸ್ಸು ಹತ್ತಿ ನಮ್ಮೂರಿಗೆ ಹೋಗು, ಅಲ್ಲಿಯ ಚರ್ಚಿನಲ್ಲಿ ಅರ್ಧ ಗಂಟೆ ಕೂತು ಬಾ, ಅಲ್ಲಿಗೆ ಯಾರೂ ಬರುವುದಿಲ್ಲ, ನಿನ್ನ ರಕ್ತ ಹರಿಯುವ ಸದ್ದು ನಿನಗೆ ಕೇಳಿಸುತ್ತದೆ ಎನ್ನುತ್ತಿದ್ದ.

ವಿದ್ಯಾಳ ತಾಯಿ ಸುಮತಿ ಆ ವಸಂತದಲ್ಲಿ ಉಡುಪಿಯಿಂದ ನಮ್ಮ ರಿಚ್ಮಂಡ್ ಹಿಲ್ ಮನೆಗೆ ಬಂದಿದ್ದರು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವರು. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ತಿಂಡಿಗೆ ಮೊದಲು ಒಂದು ಮಾತ್ರೆ, ರಾತ್ರಿ ಒಂದು. ಯಾರೂ ನೆನಪಿಸಬೇಕಾಗಿಲ್ಲ, ನೆನಪಿಸಿದರೆ ಸಿಟ್ಟು. ನಾನು ಮೈಸೂರಿನವನಾದ್ದರಿಂದ ನನ್ನ ಮಾತಿನ ರಾಗ ಅವರಿಗೆ ಸದಾ ತಮಾಷೆ.

ಗುಡ್ಡದ ಊರು ಎಂದಾಗ ಅವರು ಮೊದಲು ಒಪ್ಪಲಿಲ್ಲ. "ನನ್ನ ಮೊಣಕಾಲು ಉಂಟಲ್ಲ, ಅದು ಕೆನಡಾಕ್ಕೆ ಮಾತ್ರ ವೀಸಾ ತಗೊಂಡದ್ದು."

"ಎಂಟುನೂರು ವರ್ಷ ಹಳೇದಂತೆ ಅತ್ತೆ. ಸದ್ದೇ ಇರಲ್ವಂತೆ. ನಮ್ಮ ಹಳೇ ಬಸದಿಗಳ ಥರ, ಕಲ್ಲಿಂದು, ತಣ್ಣಗೆ."

"ದೇವರ ಜಾಗವಾ? ಹಾಗಾದ್ರೆ ಬರ್ತೇನೆ. ಚರ್ಮದ ಚೀಲದ ಅಂಗಡಿ ತೋರಿಸ್ಲಿಕ್ಕೆ ಆದ್ರೆ ನೀವೇ ಹೋಗಿ."

ಹೀಗೆ ಅವರನ್ನು ಒಪ್ಪಿಸಿದವನು ನಾನು. ಹಿಂದಿನ ಸಂಜೆಯೇ ಆ ಊರು ತಲುಪಿ ಒಂದು ಸಣ್ಣ ವಸತಿಗೃಹದಲ್ಲಿ ಉಳಿದೆವು. ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಬ್ರೆಡ್ಡು, ಬೆಣ್ಣೆ, ಹಣ್ಣು. ಅತ್ತೆ ಮಾತ್ರೆಯ ಹೊತ್ತಾಯಿತೆಂದು ಅದನ್ನು ನುಂಗಿ ನೀರು ಕುಡಿದರು. ಆಮೇಲೆ ತಮ್ಮ ತಟ್ಟೆಯ ಬ್ರೆಡ್ಡನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ನಾನು ಎದುರೇ ಕೂತಿದ್ದೆ. ನೋಡಿದೆ. ಮೊಮ್ಮಗಳು ಇಶಾಗೆ ದಾರಿಯಲ್ಲಿ ಹಸಿವಾದರೆ ಇರಲಿ ಎಂದು ಇಟ್ಟುಕೊಂಡರೆಂದುಕೊಂಡೆ. ಬುತ್ತಿ ಕಟ್ಟದೆ ಬಸ್ ಸ್ಟಾಪಿಗೂ ಹೋಗದ ಹೆಂಗಸು ಅವರು.

"ಅಮ್ಮ, ಮಾತ್ರೆ ಆಯ್ತಾ?" ವಿದ್ಯಾ ಕೇಳಿದಳು.

"ಆಯ್ತಾಯ್ತು."

ತಿಂದಾಯಿತೇ ಎಂದು ಯಾರೂ ಕೇಳಲಿಲ್ಲ. ದೇವರ ದರ್ಶನಕ್ಕೆ ಮೊದಲು ಅವರು ಏನನ್ನೂ ತಿನ್ನುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಊರಿನಲ್ಲಿ ದೇವಸ್ಥಾನ ಎರಡು ಹೆಜ್ಜೆ. ಆರು ಗಂಟೆಗೆ ಹೋಗಿ ಬಂದು ಆಮೇಲೆ ಮಾತ್ರೆ, ತಿಂಡಿ. ರಿಚ್ಮಂಡ್ ಹಿಲ್ಲಿನಲ್ಲೂ ದೇವಸ್ಥಾನಕ್ಕೆ ನಾವೇ ಕಾರಿನಲ್ಲಿ ಬೇಗ ಕರೆದುಕೊಂಡು ಹೋಗಿ ಬರುತ್ತಿದ್ದೆವು. ಆ ನೇಮವನ್ನು ಅವರು ಇಟಲಿಯ ಚರ್ಚಿಗೂ ಪಾಲಿಸುತ್ತಾರೆಂದು ಹೊಳೆಯಲೇ ಇಲ್ಲ. ಆಮೇಲೆ ಕೇಳಿದಾಗ ಅವರಿಗೆ ಆಶ್ಚರ್ಯ. "ಯಾರ ದೇವರಾದ್ರೆ ಎಂತ? ಅವರ ಮನೆಗೆ ಹೋಗುವಾಗ ತಿಂದು ಬಾಯಿ ಒರೆಸಿಕೊಂಡು ಹೋಗ್ಲಿಕ್ಕೆ ಆಗ್ತದಾ?"

ಬೀದಿ ಕಡಿದಾಗಿತ್ತು. ನಿಂತು ನಿಂತು ಹತ್ತಿದೆವು. ಹತ್ತೂವರೆಗೆ ಹೊರಟವರು ಮೇಲೆ ತಲುಪಿದಾಗ ಹನ್ನೊಂದೂವರೆ ದಾಟಿತ್ತು. ಅತ್ತೆ ಬಾಗಿಲ ಹೊರಗೆ ಚಪ್ಪಲಿ ಬಿಟ್ಟರು. ಬೇಡ ಎಂದು ಇಶಾ ಪಿಸುಗುಟ್ಟಿದಳು. "ಅಜ್ಜಿ, ನೋಬಡಿ ಡಸ್ ದ್ಯಾಟ್ ಹಿಯರ್."

"ಯಾರೂ ಮಾಡುದಿಲ್ಲಾದ್ರೆ ಕದಿಯುವವರೂ ಇರ್ಲಿಕ್ಕಿಲ್ಲ" ಎಂದು ಅತ್ತೆ ಒಳಗೆ ನಡೆದರು.

ಒಳಗೆ ಕಾಲಿಟ್ಟಾಗ ರೆನ್ಸೊ ಸುಳ್ಳು ಹೇಳಿರಲಿಲ್ಲ ಎನ್ನಿಸಿತು. ಗಿಡ್ಡ, ದಪ್ಪ ಕಂಬಗಳು. ಕೈಯಗಲದ ಕಿಟಕಿಗಳಿಗೆ ಗಾಜಿನ ಬದಲು ತೆಳ್ಳಗೆ ಸೀಳಿದ ಕಲ್ಲು, ಅದರೊಳಗಿಂದ ಮಜ್ಜಿಗೆಯಂತಹ ಬೆಳಕು. ಗೋಡೆಯ ಮೇಲೆ ಮಾಸಿದ ಚಿತ್ರಗಳು. ಒಬ್ಬ ಸಂತನ ಮುಖವೇ ಉದುರಿಹೋಗಿ ಆಶೀರ್ವದಿಸುವ ಕೈ ಮಾತ್ರ ಉಳಿದಿತ್ತು. ಮೇಣದ, ಒದ್ದೆ ಕಲ್ಲಿನ ವಾಸನೆ. ನಮ್ಮ ನಾಲ್ವರನ್ನು ಬಿಟ್ಟರೆ ಒಬ್ಬ ಸ್ಥಳೀಯ ಹೆಂಗಸು, ಕಾವಲಿನ ಮುದುಕ, ಅಷ್ಟೇ ಜನ. ವರ್ಷಗಟ್ಟಲೆ ಬೆಲ್ಟುಗಳ ಗಡಗಡದಲ್ಲಿ ಕಿವಿ ಕಳೆದುಕೊಂಡ ನನಗೆ ಆ ಮೌನ ಮೈಮೇಲೆ ಹೊದಿಸಿದ ಹಾಗಿತ್ತು. ಆ ಅರ್ಧ ಗಂಟೆಯ ಸುಖವನ್ನು ನಾನು ಇವತ್ತಿಗೂ ಅಲ್ಲಗಳೆಯಲಾರೆ.

ಅತ್ತೆ ಮುಂದಿನ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕೈಮುಗಿದು ಕೂತಿದ್ದು ಎದ್ದರು. ಪೂಜಾಪೀಠದ ಹಿಂಬದಿಗೆ ಅರೆವೃತ್ತದ ಓಣಿಯೊಂದಿತ್ತು. ಅದನ್ನು ಕಂಡು ನನ್ನ ಕಡೆ ತಿರುಗಿದ ಅವರ ಮುಖ ಬೆಳಗಿತು. "ಓ, ಇಲ್ಲಿ ಪ್ರದಕ್ಷಿಣೆಗೂ ಜಾಗ ಉಂಟು!" ಒಂದು ಸುತ್ತು ಬಂದರು. ಎರಡನೆಯ ಸುತ್ತಿಗೆ ನಡಿಗೆ ನಿಧಾನವಾಗಿತ್ತು. ಭಕ್ತಿ ಎಂದುಕೊಂಡೆ. ಮೂರನೆಯ ಸುತ್ತಿಗೆ ಹಿಂದೆ ಹೋದರು.

ವಿದ್ಯಾ, ಇಶಾ ಬಿಸಿಲಿಗೆಂದು ಆಗಲೇ ಹೊರಗೆ ಹೋಗಿದ್ದರು. ಮುದುಕ ಮೇಣದ ಬತ್ತಿಗಳನ್ನು ಆರಿಸುತ್ತಾ ಬಂದ. ಮಧ್ಯಾಹ್ನ ಮುಚ್ಚಿ ಮತ್ತೆ ನಾಲ್ಕಕ್ಕೆ ತೆರೆಯುವುದು ಅಲ್ಲಿಯ ಪದ್ಧತಿ. ಪಕ್ಕದ ಸಣ್ಣ ಬಾಗಿಲಿನಿಂದ ನೀಲಿ ಶಾಲು ಹೊದ್ದ ಹೆಂಗಸೊಬ್ಬಳು ಅಂಗಳಕ್ಕೆ ಇಳಿದದ್ದು ಓರೆಗಣ್ಣಿಗೆ ಕಂಡಿತು. ಅತ್ತೆಯ ಶಾಲೂ ನೀಲಿ. ನಾನು ಎದ್ದು ಹೊರಗೆ ಬಂದೆ. ಮುದುಕ ಕೀಲಿ ತೋರಿಸಿದ. ತಲೆಯಾಡಿಸಿದೆ.

ಚೌಕದಲ್ಲಿ ವಿದ್ಯಾ ಕಾಫಿ ಹಿಡಿದು ನಿಂತಿದ್ದಳು. "ಅಮ್ಮ ಎಲ್ಲಿ?"

"ಪಕ್ಕದ ಬಾಗಿಲಿಂದ ಬಂದ್ರಲ್ಲ. ನಿನ್ ಹತ್ರ ಬರ್ಲಿಲ್ವಾ?"

"ಇಲ್ಲ. ಅವಳ ಫೋನು ಸಹ ನನ್ನ ಬ್ಯಾಗಲ್ಲೇ ಉಂಟು."

ಮೊದಲ ಐದು ನಿಮಿಷ ಯಾರಿಗೂ ಗಾಬರಿಯಿಲ್ಲ. ಅಂಗಳದಲ್ಲಿ ನೀಲಿ ಶಾಲಿನ ಹೆಂಗಸು ಸಿಕ್ಕಳು. ಅವಳು ಬೇರೆ ಯಾರೋ. ಕಾರಂಜಿ, ಕಾಫಿ ಅಂಗಡಿ, ಅದರ ಶೌಚಾಲಯ ನೋಡಿದೆವು. ಚರ್ಚಿನ ಬಾಗಿಲಿಗೆ ಓಡಿ ಬಂದರೆ ಅತ್ತೆ ಬಿಟ್ಟ ಜಾಗದಲ್ಲಿ ಚಪ್ಪಲಿಯಿಲ್ಲ. ಅಂದರೆ ಹಾಕಿಕೊಂಡು ಹೋಗಿದ್ದಾರೆ, ಇಲ್ಲೇ ಎಲ್ಲೋ ಬೀದಿಯಲ್ಲಿ ದಾರಿ ತಪ್ಪಿದ್ದಾರೆ ಎಂದು ಲೆಕ್ಕ ಹಾಕಿದೆ. ಎಂಜಿನಿಯರನ ಲೆಕ್ಕ. ಅದನ್ನು ನಂಬಿ ಇಳಿಜಾರಿನ ಬೀದಿಯ ಕೊನೆಯವರೆಗೂ ಓಡಿದೆ. ವಾಪಸು ಏರುವಾಗ ಎದೆಯ ಬಡಿತ ಕಿವಿಯಲ್ಲಿ ಕೇಳಿಸುತ್ತಿತ್ತು.

"ಅಪ್ಪಾ! ಅಜ್ಜೀಸ್ ಚಪ್ಪಲ್ಸ್!"

ಇಶಾ ಕಮಾನಿನ ಮೂಲೆಯಲ್ಲಿ ಮಂಡಿಯೂರಿದ್ದಳು. ಕಲ್ಲು ಕಟ್ಟೆಯ ಅಡಿಯಲ್ಲಿ ಪೊರಕೆಯ ಪಕ್ಕ ಚಪ್ಪಲಿ ಜೋಡಿಸಿಟ್ಟಿತ್ತು. ಯಾರೋ ಮರೆತು ಹೋದದ್ದೆಂದು ಮುದುಕ ಜೋಪಾನ ಮಾಡಿದ್ದ.

ಆಗ ಬಾಗಿಲು ಬಡಿದೆ. ಎಂಟುನೂರು ವರ್ಷದ ಬಾಗಿಲು ಮುಷ್ಟಿಗೆ ಸದ್ದು ಕೊಡುವುದಿಲ್ಲ. ವಿದ್ಯಾ ಕಿಂಡಿಗೆ ಬಾಯಿಟ್ಟು ತುಳುವಿನಲ್ಲಿ ಅಮ್ಮನನ್ನು ಕೂಗುತ್ತಿದ್ದಳು. ಎದುರು ಮನೆಯ ಮಹಡಿಯಿಂದ ಒಬ್ಬಾಕೆ ಇಣುಕಿದಳು, ನಮ್ಮ ಕೈಸನ್ನೆ ನೋಡಿ, ಕಿಟಕಿಯಿಂದಲೇ ಇಡೀ ಬೀದಿಗೆ ಕೇಳುವ ಹಾಗೆ ಒಂದು ಹೆಸರು ಕೂಗಿದಳು. ಮುದುಕ ಊಟದ ಬಟ್ಟೆಯನ್ನು ಕೊರಳಿಗೆ ಸಿಕ್ಕಿಸಿಕೊಂಡೇ ಓಡಿ ಬಂದ. ಕೀಲಿ ತಿರುಗಿದಾಗ ಹನ್ನೆರಡೂ ನಲವತ್ತೇಳು.

ಪೂಜಾಪೀಠದ ಹಿಂದೆ, ನೆಲಮಾಳಿಗೆಗೆ ಇಳಿಯುವ ಮೆಟ್ಟಿಲಿನ ಮೇಲೆ ಅತ್ತೆ ಕಂಬಕ್ಕೊರಗಿ ಕೂತಿದ್ದರು. ಇನ್ನೊಂದು ಮಗ್ಗುಲಿಗೆ ವಾಲಿದ್ದರೆ ಹತ್ತು ಹನ್ನೆರಡು ಮೆಟ್ಟಿಲು ಕೆಳಗೆ. ಸೀರೆ ಬೆವರಿನಲ್ಲಿ ನೆಂದು ಮೈಗೆ ಅಂಟಿತ್ತು. ಕಣ್ಣು ತೆರೆದೇ ಇತ್ತು, ನಮ್ಮನ್ನು ನೋಡುತ್ತಿರಲಿಲ್ಲ. ತುಟಿ ಅಲ್ಲಾಡುತ್ತಿತ್ತು. ಬಗ್ಗಿ ಕಿವಿಗೊಟ್ಟೆ. ಹಾಜರಿ ಕರೆಯುತ್ತಿದ್ದರು. ಯಾವ ಕಾಲದ ಯಾವ ತರಗತಿಯೋ, ಮಕ್ಕಳ ಹೆಸರು ಒಂದೊಂದಾಗಿ ಹೇಳುತ್ತಾ, ಉತ್ತರಕ್ಕೆ ಕಾಯುತ್ತಾ, ಉತ್ತರ ಬಾರದೆ ಮತ್ತೆ ಅದೇ ಹೆಸರು.

"ಶುಗರ್ ಇಳಿದಿದೆ!" ವಿದ್ಯಾ ಚೀಲ ಸುರಿದಳು. ಕರವಸ್ತ್ರದಲ್ಲಿ ಸುತ್ತಿದ ಬ್ರೆಡ್ಡು ಉರುಳಿ ನನ್ನ ಕಾಲ ಬಳಿ ಬಂತು. ಮಹಡಿಯ ಹೆಂಗಸು ಜೇನಿನ ಬಾಟಲಿ ತಂದಳು. ವಿದ್ಯಾ ಬೆರಳಿಗೆ ಜೇನು ತೆಗೆದು ಅಮ್ಮನ ಕೆನ್ನೆಯ ಒಳಗೆ, ಒಸಡಿಗೆ ಉಜ್ಜಿದಳು, ಮತ್ತೆ ಉಜ್ಜಿದಳು. ಮುದುಕ ಆಂಬುಲೆನ್ಸಿಗೆ ಫೋನು ಮಾಡುತ್ತಾ ಅಳುತ್ತಿದ್ದ. ನಾನು ಏನು ಮಾಡುತ್ತಿದ್ದೆ? ಚಪ್ಪಲಿ ಹಿಡಿದುಕೊಂಡು ನಿಂತಿದ್ದೆ. ಅಷ್ಟೇ ಮಾಡಿದ್ದು.

ಹಲವು ನಿಮಿಷಗಳ ಮೇಲೆ ಅತ್ತೆಯ ಕಣ್ಣು ವಿದ್ಯಾಳ ಮುಖದ ಮೇಲೆ ನಿಂತಿತು. "ಎಂತಕ್ಕೆ ಬೊಬ್ಬೆ ಹಾಕ್ತಿ? ದೇವರ ಎದುರು" ಎಂದರು.

ಕಣಿವೆಯ ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡು ಕಳಿಸಿದರು. ಆ ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಡುವುದೆಂದರೆ ಏನೆಂದು ಡಾಕ್ಟರು ವಿವರಿಸಿದ್ದನ್ನು ಇಲ್ಲಿ ಬರೆಯುವುದಿಲ್ಲ. ಇನ್ನರ್ಧ ಗಂಟೆ ತಡವಾಗಿದ್ದರೆ ಎಂದು ಅವರು ಶುರು ಮಾಡಿದ ವಾಕ್ಯವನ್ನು ನಾನೇ ಪೂರ್ತಿ ಮಾಡಲು ಬಿಡಲಿಲ್ಲ. ಬಾಗಿಲು ಮತ್ತೆ ತೆರೆಯುವುದು ನಾಲ್ಕು ಗಂಟೆಗೆ ಎಂಬುದಷ್ಟೇ ತಲೆಯಲ್ಲಿತ್ತು.

ಅಕ್ಟೋಬರಿನಲ್ಲಿ ರಿಚ್ಮಂಡ್ ಹಿಲ್ಲಿಗೆ ಮರಳಿದೆವು. ಮೇಪಲ್ ಎಲೆಗಳು ಡ್ರೈವ್‌ವೇಯನ್ನು ಮುಚ್ಚಿದ್ದವು. ನಮ್ಮ ಮನೆಯಲ್ಲಿ ನಿದ್ದೆ ನಿಂತಿತು. ನಾನು ಹನ್ನೆರಡಕ್ಕೊಮ್ಮೆ, ಮೂರಕ್ಕೊಮ್ಮೆ ಎದ್ದು ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತು ಉಸಿರು ಕೇಳುತ್ತಿದ್ದೆ. ವಿದ್ಯಾ ನಡುವಿನ ಹೊತ್ತಿಗೆ ಅಲಾರಂ ಇಟ್ಟಿದ್ದಳು. ಕೆಲವೊಮ್ಮೆ ಕತ್ತಲಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದೆವು. ಅತ್ತೆಗೆ ಇದೆಲ್ಲ ಗೊತ್ತಾಗದೆ ಇರುತ್ತದೆಯೇ? ನಮ್ಮ ಹೆಜ್ಜೆ ಕೇಳಿದ ಕೂಡಲೇ ಅವರು ಗೊರಕೆ ಶುರು ಮಾಡುತ್ತಿದ್ದರು. ಎಷ್ಟು ಶಿಸ್ತಿನ ಗೊರಕೆಯೆಂದರೆ, ನಿಜವಾಗಿ ಮಲಗಿದವರು ಹಾಗೆ ಗೊರಕೆ ಹೊಡೆಯುವುದು ಸಾಧ್ಯವೇ ಇಲ್ಲ.

ಗೋದಾಮಿನಲ್ಲೂ ನಾನು ಬದಲಾದೆ. ರಿಪೇರಿಗೆ ಬೆಲ್ಟು ನಿಲ್ಲಿಸಿ ಮತ್ತೆ ಚಾಲೂ ಮಾಡುವಾಗ, ಒಳಗೆ ಇಳಿದವರೆಲ್ಲ ಹೊರಗೆ ಬಂದರೇ ಎಂದು ತಲೆಯಾಡಿಸಿ ಹೇಳುವುದು ಅಲ್ಲಿಯ ರೂಢಿ. ನಾನು ತಲೆಯಾಡಿಸುವುದನ್ನು ಬಿಟ್ಟೆ. ಪ್ರತಿಯೊಬ್ಬನ ಹೆಸರು ಕೂಗಿ, ಅವನ ದನಿ ಕೇಳಿದ ಮೇಲೆಯೇ ಸ್ವಿಚ್ಚು. ಹುಡುಗರು ಮೊದಮೊದಲು ನಕ್ಕರು, ಆಮೇಲೆ ರೂಢಿಯಾಯಿತು.

ಆದರೆ ಮನೆಯಲ್ಲಿ ಅಸಲು ಸಂಗತಿ ಹಾಗೇ ಉಳಿದಿತ್ತು. ಬಂದ ಎರಡನೆಯ ಶನಿವಾರವೇ ಅತ್ತೆ ದೇವಸ್ಥಾನಕ್ಕೆ ಹೊರಟರು, ಖಾಲಿ ಹೊಟ್ಟೆಯಲ್ಲಿ.

"ಅಮ್ಮ, ಮೊದಲು ದೋಸೆ."

"ಬಂದು ತಿಂತೇನೆ. ಬೇಕಾದ್ರೆ ಮಾತ್ರೆಯನ್ನೂ ಬಂದೇ ತಗೊಳ್ತೇನೆ."

"ಹೈವೇಲಿ ಟ್ರಾಫಿಕ್ ನಿಂತ್ರೆ? ನಿನ್ನೆ ರಾತ್ರಿಯ ಮಾತ್ರೆ ಹೊಟ್ಟೇಲಿ ಇಲ್ವಾ?"

"ಅರವತ್ತು ವರ್ಷದಿಂದ ಮಾಡಿಕೊಂಡು ಬಂದದ್ದು ವಿದ್ಯಾ. ಒಂದು ಸಲ ತಲೆ ತಿರುಗಿತು ಅಂತ ನನ್ನನ್ನು ಕಟ್ಟಿ ಹಾಕ್ಬೇಡ."

"ತಲೆ ತಿರುಗಿದ್ದಾ ಅದು?" ವಿದ್ಯಾಳ ದನಿ ಒಡೆಯಿತು. "ನೀನು ಹೀಗೇ ಮಾಡುದಾದ್ರೆ ನಿನ್ನನ್ನು ಊರಿಗೆ ಒಬ್ಬಳೇ ಕಳಿಸ್ಲಿಕ್ಕೆ ನನ್ನಿಂದ ಆಗುದಿಲ್ಲ. ಇಲ್ಲಿ ಇಟ್ಟುಕೊಂಡು ಮಲಗ್ಲಿಕ್ಕೂ ಆಗುದಿಲ್ಲ."

ಅಂದು ಯಾರೂ ದೇವಸ್ಥಾನಕ್ಕೆ ಹೋಗಲಿಲ್ಲ. ಇನ್ನೊಂದು ವಾರ ಅರ್ಚಕರೇ ಹೇಳಿ ನೋಡಿದರು. ಮಾತ್ರೆ ತೆಗೆದುಕೊಳ್ಳುವವರಿಗೆ ಈ ನೇಮವಿಲ್ಲಮ್ಮ, ತಿಂದೇ ಬನ್ನಿ ಎಂದರು. ಅತ್ತೆ ಕಾರಿನಲ್ಲಿ ಗೊಣಗಿದರು. "ನನ್ನ ಶಾಲೆಯಲ್ಲಿ ಆಗಿದ್ರೆ ಇವರು ಮೂರನೇ ಕ್ಲಾಸು. ನನಗೆ ಶಾಸ್ತ್ರ ಹೇಳ್ತಾರೆ."

ನವೆಂಬರಿನ ಮೊದಲ ಹಿಮ ಬಿದ್ದ ಭಾನುವಾರ ರೆನ್ಸೊ ಬಂದ, ಒಂದು ಚೀಲ ಚೆಸ್ಟ್‌ನಟ್ ಹೊತ್ತುಕೊಂಡು. ನಮ್ಮನ್ನು ಅಲ್ಲಿಗೆ ಕಳಿಸಿದ್ದು ತಾನೆಂಬ ಸಂಕಟ ಅವನನ್ನು ತಿನ್ನುತ್ತಿತ್ತು. ಬಾಗಿಲಲ್ಲೇ ನಿಂತು ಟೊಪ್ಪಿಗೆ ಹಿಸುಕುತ್ತಾ ಕ್ಷಮೆ ಕೇಳಿದ. ಅತ್ತೆ ಅವನನ್ನು ಅಡುಗೆಮನೆಯ ಮೇಜಿಗೆ ಕೂರಿಸಿ ನೀರುದೋಸೆ ಹಾಕಿದರು. ಅವನ ಇಂಗ್ಲಿಷಿಗೂ ಅವರ ಕನ್ನಡಕ್ಕೂ ನಡುವೆ ವಿದ್ಯಾ.

"ಹೇಳು ಅವರಿಗೆ, ನಿಮ್ಮ ಊರಿನ ದೇವರು ಪಾಪ, ತುಂಬ ಒಳ್ಳೆಯವರು. ಬಾಗಿಲು ಹಾಕುವ ಅಜ್ಜನಿಗೆ ಮಾತ್ರ ಊಟಕ್ಕೆ ಸ್ವಲ್ಪ ಅರ್ಜೆಂಟು."

ರೆನ್ಸೊ ನಗಲೋ ಬೇಡವೋ ಎಂದು ನನ್ನನ್ನು ನೋಡಿದ. ಆಮೇಲೆ, ಯಾಕೆ ತಿಂದಿರಲಿಲ್ಲ ಎಂದು ಕೇಳಿದ. ವಿದ್ಯಾ ಹೇಳಿದಳು. ಅವನು ದೋಸೆ ಹರಿಯುವುದನ್ನು ನಿಲ್ಲಿಸಿದ.

"ನನ್ನ ತಾಯಿಯೂ ಹಾಗೇ" ಎಂದ. "ಆ ಚರ್ಚಿನಲ್ಲೇ. ಪ್ರಸಾದ ತೆಗೆದುಕೊಳ್ಳುವ ದಿನ ಹಿಂದಿನ ಮಧ್ಯರಾತ್ರಿಯಿಂದ ಒಂದು ತುತ್ತಿಲ್ಲ."

ವಿದ್ಯಾ ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅತ್ತೆ ಸೌಟು ಎತ್ತಿದರು. "ನೋಡಿದೆಯಾ! ನೋಡಿದಿರಾ ಅಳಿಯಂದಿರೆ! ಅಲ್ಲಿಯೂ ಅದೇ ನೇಮ. ನನಗೆ ಗೊತ್ತಿತ್ತು."

"ತಡೀರಿ, ಇನ್ನೂ ಹೇಳ್ತಾ ಇದ್ದಾರೆ" ಎಂದೆ ನಾನು.

ರೆನ್ಸೊನ ತಾಯಿ ಆರನೆಯ ಬಸುರಿನಲ್ಲಿ ಪೂಜೆಯ ನಡುವೆ ಕಣ್ಣು ಕತ್ತಲಾಗಿ ಬಿದ್ದಿದ್ದಳಂತೆ. ಅಂದಿನ ಪಾದ್ರಿ ಅವಳನ್ನು ಮನೆಯಲ್ಲಿ ಕಂಡು ಬೈದನಂತೆ. ಕಾಯಿಲೆಯವರಿಗೂ ಬಸುರಿಯರಿಗೂ ಉಪವಾಸವಿಲ್ಲ ಎಂದು ಎಂದೋ ಹೇಳಿಯಾಗಿದೆ, ನೀನು ಮಾಡುತ್ತಿರುವುದು ದೇವರ ಮೇಲಿನ ಭಕ್ತಿಯಲ್ಲ, ನಿನ್ನ ನೇಮದ ಮೇಲಿನ ಅಭಿಮಾನ ಎಂದನಂತೆ. ಮುಂದಿನ ಭಾನುವಾರ ಅವಳು ರೊಟ್ಟಿ ತಿಂದು ಹೋದಳು. ದಾರಿಯುದ್ದಕ್ಕೂ ಅಳುತ್ತಾ ಹೋದಳು. ಆರನೆಯವನು ನಾನೇ ಎಂದ ರೆನ್ಸೊ.

ಕಾವಲಿಯ ಮೇಲಿನ ದೋಸೆ ಸೀದಿತು. ಅತ್ತೆಯ ಕೈಯಲ್ಲಿ ದೋಸೆ ಸೀದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅದನ್ನು ಎಬ್ಬಿಸಿ ತೆಗೆಯುತ್ತಾ "ಆ ತಾಯಿ ಅತ್ತರಂತಾ?" ಎಂದು ಕೇಳಿದರು.

ಮಗಳು ಹೇಳಿದ್ದು, ಡಾಕ್ಟರು ಹೇಳಿದ್ದು, ಅರ್ಚಕರು ಹೇಳಿದ್ದು ಇಳಿಯದ ಜಾಗಕ್ಕೆ, ನೋಡದ ಆ ಹೆಂಗಸಿನ ಅಳು ಇಳಿಯಿತೆಂದು ಕಾಣುತ್ತದೆ. ಆದರೆ ಅಂದು ನಮಗದು ತಿಳಿಯಲಿಲ್ಲ. ಅವರು ಏನನ್ನೂ ಒಪ್ಪಿಕೊಳ್ಳಲಿಲ್ಲ. ನಮ್ಮ ರಾತ್ರಿಯ ಓಡಾಟವೂ ನಿಲ್ಲಲಿಲ್ಲ.

ಡಿಸೆಂಬರ್ ಕೊನೆಗೆ ಧನುರ್ಮಾಸದ ಒಂದು ಶನಿವಾರ. ಬೆಳಗಿನ ಪೂಜೆಗೆ ಹೋಗಲೇಬೇಕೆಂದು ಅತ್ತೆ ಹಿಂದಿನ ದಿನವೇ ಹೇಳಿದ್ದರು. ಇನ್ನೊಂದು ಜಗಳಕ್ಕೆ ಸಿದ್ಧರಾಗಿ ನಾನೂ ವಿದ್ಯಾಳೂ ಐದೂವರೆಗೆ ಕೆಳಗಿಳಿದೆವು. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ರೇಷ್ಮೆ ಸೀರೆ, ಅದರ ಮೇಲೆ ಸ್ವೆಟರು, ಅದರ ಮೇಲೆ ಇಶಾಳ ಹಳೆಯ ಜಾಕೆಟ್ಟು ತೊಟ್ಟ ಅತ್ತೆ ಮೇಜಿಗೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ಒಂದೊಂದೇ ತುತ್ತು, ಮದ್ದು ತಿನ್ನುವ ಹಾಗೆ. ಕಣ್ಣು ಒದ್ದೆಯಾಗಿತ್ತು.

ನಾವು ಬಾಗಿಲಲ್ಲೇ ನಿಂತೆವು.

"ಎಂತ ನೋಡುದು? ಉಪ್ಪು ಜಾಸ್ತಿಯಾಗಿದೆ. ನಿಮಗೂ ಉಂಟು, ಪಾತ್ರೆಯಲ್ಲಿ." ತಟ್ಟೆ ಖಾಲಿ ಮಾಡಿ ತೊಳೆದಿಟ್ಟರು. "ತಿಂದಾಯ್ತು. ಮಾತ್ರೆಯೂ ಆಯ್ತು. ಹೋಗುವ."

ದೇವಸ್ಥಾನದಲ್ಲಿ ಅವರು ಗರ್ಭಗುಡಿಯ ಎದುರು ಬಹಳ ಹೊತ್ತು ನಿಂತರು. ಏನು ಹೇಳಿಕೊಂಡರೋ ನನಗೆ ಗೊತ್ತಿಲ್ಲ. ಮೂರು ಪ್ರದಕ್ಷಿಣೆಗೂ ನಾನು ಜೊತೆಗೆ ನಡೆದೆ. ಬೇಡ ಎನ್ನಲಿಲ್ಲ. ಬರುವಾಗ ಕಾರಿನಲ್ಲಿ, ಹುಗ್ಗಿಗೆ ಮೆಣಸು ಕಡಿಮೆ ಎಂದು ದೂರಿದರು.

ಅಂದು ರಾತ್ರಿ ಹತ್ತಕ್ಕೆ ಮಲಗಿದೆವು. ಮತ್ತೆ ಕಣ್ಣು ಬಿಟ್ಟಾಗ ಪರದೆಯ ಅಂಚಿನಲ್ಲಿ ಬಿಸಿಲಿತ್ತು. ಎಂಟೂವರೆ. ಹಿಮ ತಳ್ಳುವ ಲಾರಿ ಬೀದಿಯಲ್ಲಿ ಹೋದದ್ದೂ ಕೇಳಿರಲಿಲ್ಲ. ಪಕ್ಕದಲ್ಲಿ ವಿದ್ಯಾ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಅಲಾರಂ ಇಡಲು ಮರೆತಿದ್ದಳು. ಬರಿಗಾಲಲ್ಲೇ ಮೆಟ್ಟಿಲವರೆಗೆ ಓಡಿದೆ.

ಕೆಳಗೆ ಅತ್ತೆ ಉಡುಪಿಯ ತಂಗಿಯೊಡನೆ ಫೋನಿನಲ್ಲಿದ್ದರು.

"ಇಲ್ಲ ಮಾರಾಯ್ತಿ, ಇಬ್ರೂ ಇನ್ನೂ ಎದ್ದಿಲ್ಲ. ನಾನು ಎರಡು ಸಲ ಮೇಲೆ ಹೋಗಿ ನೋಡಿ ಬಂದೆ. ಉಸಿರಾಡ್ತಾ ಇದ್ದಾರೆ."